ಆಮೇಲೆ ಎಂಬ ಕೋಣೆ

೧

ಎಲ್ಲಿಂದ ಶುರು ಮಾಡುವುದು ಎಂಬುದೇ ನನಗೆ ತಲೆನೋವಾಗಿದೆ. ಸಮುದ್ರದ ಕಥೆ ಅಂದಮೇಲೆ ಸಮುದ್ರದಿಂದಲೇ ಶುರುವಾಗಬೇಕು ಎಂದು ನೀವು ಅಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡು ಒಂದು ಪುಟ ಅಲೆ ಬರೆದೆ. ಅಲೆ ಬಂತು, ಹೋಯಿತು, ಮತ್ತೆ ಬಂತು. ಪುಟ ಮುಗಿಯುವ ಹೊತ್ತಿಗೆ ನನಗೇ ಆಕಳಿಕೆ ಬಂದು ಹರಿದು ಹಾಕಿದೆ. ಅದೂ ಅಲ್ಲದೆ, ಈ ಕಥೆಯ ಅಕ್ಕ ಸಮುದ್ರದ ಮುಖ ನೋಡಿ ಬಹಳ ಕಾಲವಾಗಿದೆ. ಅವಳು ಕೆಲಸ ಮಾಡುವುದು ಒಂದು ಸಂಶೋಧನಾ ಸಂಸ್ಥೆಯ ಮೇಲಿನ ಮಹಡಿಯಲ್ಲಿ. ಅಲ್ಲಿನ ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ಸಮುದ್ರ ಅವಳ ಬಳಿಗೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ, ಲಿಫ್ಟು ಹತ್ತಿ ಬರುತ್ತದೆ.

ಎರಡನೇ ಡ್ರಾಫ್ಟು ಹೀಗಿತ್ತು: ‘ನೀವು ಎಳೆದುಕೊಳ್ಳುವ ಎರಡು ಉಸಿರಿನಲ್ಲಿ ಒಂದನ್ನು ನಿಮಗೆ ಕೊಟ್ಟದ್ದು ಸಮುದ್ರದಲ್ಲಿ ತೇಲುವ, ಕಣ್ಣಿಗೆ ಕಾಣದ ಒಂದು ಜೀವಿ.’ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕ ಅಡ್ಡ ಬಾಯಿ ಹಾಕಿದಳು.

“ಅದನ್ನ ತೆಗೀರಿ.”

“ಯಾಕೆ, ಸುಳ್ಳಾ?”

“ಪೂರ್ತಿ ಸುಳ್ಳಲ್ಲ. ಆದ್ರೆ ಅವು ಮಾಡೋ ಆಮ್ಲಜನಕದಲ್ಲಿ ಹೆಚ್ಚಿನದು ಸಮುದ್ರದಲ್ಲೇ ಖರ್ಚಾಗತ್ತೆ. ನಿಮ್ಮ ಮೂಗಿಗೆ ಅಂತ ಯಾರೂ ಪಾರ್ಸೆಲ್ ಕಟ್ಟಿ ಕಳಿಸಲ್ಲ. ಎಲ್ಲ ಭಾಷಣದಲ್ಲೂ ಇದೇ ಕೇಳಿ ಕೇಳಿ ಸಾಕಾಗಿದೆ ನಂಗೆ.”

(ಓದಿಕೊಂಡ ಪಾತ್ರಗಳನ್ನು ಕಥೆಗೆ ಸೇರಿಸಿಕೊಂಡರೆ ಇದೇ ಗತಿ. ಕಥೆಗಾರನಿಗೆ ಒಂದು ಅಲಂಕಾರ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ.)

೨

ಹಾಗಾಗಿ ಅಲಂಕಾರವಿಲ್ಲದೆ ಹೇಳುತ್ತೇನೆ. ಅಕ್ಕನ ಉಸ್ತುವಾರಿಯಲ್ಲಿ ಎರಡು ಕೋಣೆಗಳಿವೆ. ಕೋಣೆಗಳ ತುಂಬ ಗಾಜಿನ ಬುರುಡೆಗಳು (ಫ್ಲಾಸ್ಕು ಅನ್ನಿ), ಬುರುಡೆಗಳ ತುಂಬ ಸಮುದ್ರದ ನೀರು, ನೀರಿನ ತುಂಬ ಒಂದೇ ತಾಯಿಯ ಸಂತತಿಯಾದ ಸಸ್ಯಪ್ಲವಕಗಳು. ಸಸ್ಯಪ್ಲವಕವೆಂದರೆ ನೀರಿನಲ್ಲಿ ತೇಲುತ್ತ ಬೆಳಕು ತಿಂದು ಬದುಕುವ ಒಂಟಿ ಕೋಶ. (ಪಠ್ಯಪುಸ್ತಕದ ಪದ, ನಾಲಿಗೆ ಹೊರಳುವುದಿಲ್ಲ. ಇನ್ನು ಮುಂದೆ ಕೋಶ ಎಂದೇ ಅನ್ನುತ್ತೇನೆ.) ಅಕ್ಕ ಸಾಕುವ ಜಾತಿ ಮೈಮೇಲೆ ಸುಣ್ಣದ ಪುಟ್ಟ ಬಿಲ್ಲೆಗಳನ್ನು ಕಟ್ಟಿಕೊಳ್ಳುತ್ತದೆ. ಅದೇ ಅದರ ಚಿಪ್ಪು.

ಒಂದು ಕೋಣೆಯಲ್ಲಿ ಇವತ್ತಿನ ಸಮುದ್ರದ ಶಾಖ, ಇವತ್ತಿನ ಗಾಳಿ. ಇನ್ನೊಂದರಲ್ಲಿ ಈ ಶತಮಾನದ ಕೊನೆಗೆ ಬರಬಹುದಾದ ಶಾಖ, ಜೊತೆಗೆ ನೀರಿನೊಳಗೆ ಗುಳುಗುಳು ಎಂದು ಸೇರುತ್ತಲೇ ಇರುವ ಹೆಚ್ಚಿನ ಕಾರ್ಬನ್ ಡೈಆಕ್ಸೈಡು. ಸಂಸ್ಥೆಯವರು ಮೊದಲನೆಯ ಕೋಣೆಯನ್ನು ‘ಇವತ್ತು’ ಎಂದೂ ಎರಡನೆಯದನ್ನು ‘ಆಮೇಲೆ’ ಎಂದೂ ಕರೆಯುತ್ತಾರೆ. “ಆಮೇಲೆಗೆ ಬೀಗ ಹಾಕಿದ್ರಾ ಮೇಡಂ?” ಎಂದು ಕಾವಲಿನವನು ಕೇಳಿದರೆ ಯಾರಿಗೂ ನಗು ಬರುವುದಿಲ್ಲ, ಅಷ್ಟು ರೂಢಿಯಾಗಿದೆ.

ಬರೀ ಬಿಸಿಯಾದರೆ ಈ ಕೋಶಗಳು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತವೆ, ಚುರುಕಾಗಿಯೇ ಬೆಳೆಯುತ್ತವೆ. ಆ ಮಟ್ಟ ದಾಟಿದರೆ ಕುಸಿದು ಬೀಳುತ್ತವೆ. ಬರೀ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಅವುಗಳಿಗೆ ಊಟ ಹೆಚ್ಚಿದ ಹಾಗೆ, ಆದರೆ ನೀರು ಹುಳಿಯಾಗಿ ಚಿಪ್ಪು ಕಟ್ಟುವುದು ಕಷ್ಟ. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದು ಕೂಡಿಸಿ ಕಳೆದು ಸಿಗುವ ಉತ್ತರವಲ್ಲ. ಕಾದು ನೋಡಬೇಕು. ಕೋಶ ದಿನಕ್ಕೊಂದು ಸಲ ಎರಡಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಮಗು ಹುಟ್ಟಿ ಹೆಜ್ಜೆ ಹಾಕುವ ಹೊತ್ತಿಗೆ ಬುರುಡೆಯೊಳಗೆ ನೂರಾರು ತಲೆಮಾರು ಉರುಳಿರುತ್ತವೆ. ಅಷ್ಟು ತಲೆಮಾರಿನಲ್ಲಿ ಅವು ಹೊಸ ನೀರಿಗೆ ಒಗ್ಗಿಕೊಂಡರೂ ಒಗ್ಗಿಕೊಳ್ಳಬಹುದು. ಅಕ್ಕ ಅದನ್ನೇ ಕಾಯುತ್ತಿದ್ದಳು.

ಒಗ್ಗಿಕೊಳ್ಳಲಿಲ್ಲ. ‘ಆಮೇಲೆ’ಯ ಕೋಶಗಳ ಚಿಪ್ಪು ಮೊದಲು ನಿಧಾನವಾಗಿ ತೆಳ್ಳಗಾಯಿತು, ಆಮೇಲೆ ಒಮ್ಮೆಲೇ ಮಾಯವಾಯಿತು. ಸೂಕ್ಷ್ಮದರ್ಶಕದ ಕೆಳಗೆ ಬರೀ ಬೆತ್ತಲೆ ಕೋಶಗಳು. ಅಕ್ಕ ಅದನ್ನು ಮುಖ್ಯಸ್ಥರಿಗೆ ತೋರಿಸಿದಳು, ಮುಖ್ಯಸ್ಥರು ದೊಡ್ಡ ಸಭೆಯೊಂದರಲ್ಲಿ ತೋರಿಸಿದರು, ಎಲ್ಲರೂ ತಲೆಯಾಡಿಸಿದರು. ಒಂದು ಭಾನುವಾರ ಅಕ್ಕ ಅದನ್ನು ತಮ್ಮನ ಮನೆಯ ಊಟದ ಮೇಜಿನಲ್ಲೂ ಹೇಳಿದಳು.

ಕಥೆ ಕೆಟ್ಟಿದ್ದು ಅಲ್ಲಿ.

೩

ತಮ್ಮನೂ ಇಂಥದೇ ಪಾಚಿ ಬೆಳೆಸುವವನೇ. ಕಡಲ ಬದಿಯ ಒಂದು ಶೆಡ್ಡಿನಲ್ಲಿ ಅವನು ಜನ ತಿನ್ನುವ ಚಿಪ್ಪುಜೀವಿಗಳ ಮರಿ ಮಾಡುತ್ತಾನೆ. ಮರಿಗಳಿಗೆ ಮೇವಾಗಿ ಉದ್ದುದ್ದ ಪಾರದರ್ಶಕ ಚೀಲಗಳಲ್ಲಿ ಹಸಿರು, ಕಂದು ನೀರು ಬೆಳೆಸಿ ನೇತುಹಾಕಿರುತ್ತಾನೆ. “ಅಕ್ಕ ಎಣಿಸೋಕೆ ಬೆಳೆಸ್ತಾಳೆ, ನಾನು ತಿನ್ನಿಸೋಕೆ ಬೆಳೆಸ್ತೀನಿ” ಎಂದು ಬಂದವರೆದುರು ಅವಳನ್ನು ಕಿಚಾಯಿಸುವುದು ಅವನ ಚಾಳಿ. ಪ್ರತಿ ವರ್ಷ ಬದುಕಿ ಉಳಿದ ಚಿಪ್ಪುಗಳಲ್ಲೇ ಗಟ್ಟಿಯಾದವನ್ನು ಆರಿಸಿ, ಅವನ್ನೇ ತಾಯಿಚಿಪ್ಪುಗಳಾಗಿಟ್ಟುಕೊಂಡು ಮತ್ತೆ ಮರಿ ಮಾಡಿಸಿ ಒಂದು ತಳಿ ಕಟ್ಟಿದ್ದ. ಈ ಸಲ ಬಿಟ್ಟೂ ಬಿಡದೆ ಎರಡು ಸಲ ಮರಿಗಳು ಚಿಪ್ಪು ಕಟ್ಟುವ ಮೊದಲೇ ತಳ ಸೇರಿ ಸತ್ತವು. ಅವನು ಕಂಗಾಲಾಗಿದ್ದ.

ಅವತ್ತು ಊಟಕ್ಕೆ ಕೂತಾಗ ಕೇಳಿದ: “ನೀರು ಕೆಟ್ಟಿದೆ ಅಂತೀಯಾ ಅಕ್ಕ?”

“ಕೆಟ್ಟಿರೋದಲ್ಲ, ಬದಲಾಗ್ತಿದೆ. ಇನ್ನು ಚಿಪ್ಪು ಕಟ್ಟಲ್ಲ ಕಣೋ. ನಾನು ಕಣ್ಣಾರೆ ನೋಡಿದೀನಿ.”

ತನ್ನ ಕೋಶ ಬೇರೆ, ಅವನ ಚಿಪ್ಪು ಬೇರೆ. ತನ್ನ ‘ಆಮೇಲೆ’ ಇನ್ನೂ ಬಂದಿಲ್ಲ, ಅವನ ತೊಟ್ಟಿ ಇರುವುದು ಇವತ್ತಿನಲ್ಲಿ. ಇದೆಲ್ಲ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಲಿಲ್ಲ. ತಮ್ಮ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಬಾಲ್ಯದಲ್ಲಿ ಗುಡುಗು ಯಾಕೆ ಬರುತ್ತದೆ ಎಂದು ಅವಳು ಹೇಳಿಕೊಟ್ಟಾಗಲೂ ಅವನು ಹೀಗೇ ಕೇಳಿದ್ದ. ಅಕ್ಕನ ಮಾತು ಅವನಿಗೆ ಕಡೆಯ ಮಾತು. ಮರುದಿನವೇ ಅವನು ಒಬ್ಬ ಬಣ್ಣದ ಮೀನು ಸಾಕುವವನಿಗೆ ಫೋನು ಮಾಡಿ, ತೊಟ್ಟಿಗಳನ್ನು ಒಯ್ಯಲು ಹೇಳಿಬಿಟ್ಟ. ಲಾರಿ ಬರುವುದು ಇವತ್ತು ಮಧ್ಯಾಹ್ನ.

(ಓದುಗರೇ, ಕಥೆಯ ‘ಇವತ್ತು’ ಎಂದರೆ ನಾನು ಬರೆಯುತ್ತಿರುವ ಇವತ್ತು. ಆ ಹೆಸರಿನ ಕೋಣೆಯಲ್ಲ. ಕೋಣೆಗಳಿಗೆ ಇಂಥ ಹೆಸರಿಟ್ಟವರನ್ನು ಹಿಡಿದು ಕೇಳಬೇಕು.)

೪

ಇನ್ನು ಬೆಳಿಗ್ಗೆಗೆ ಬರೋಣ. ಅಕ್ಕನಿಗೆ ಕೆಲವು ತಿಂಗಳ ಹಿಂದೆ ಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೂಗನ್ನು ಹೊತ್ತುಕೊಂಡೇ ಹೋಯಿತು. ಸೋಪು, ಸೀಮೆಎಣ್ಣೆ, ಸುಟ್ಟ ಹಾಲು, ಯಾವುದರ ವಾಸನೆಯೂ ಇಲ್ಲ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವರ ತಲೆಯ ಎಣ್ಣೆಯ ವಾಸನೆ ಸಣ್ಣಗೆ ಬಡಿಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಸಂಸ್ಥೆ ಮುಟ್ಟುವವರೆಗೂ ಸಿಕ್ಕಿದ್ದನ್ನೆಲ್ಲ ಮೂಸುತ್ತಲೇ ಬಂದಳು. ಬಂದವಳೇ ‘ಆಮೇಲೆ’ಗೆ ಹೊಕ್ಕು, ಮೇಜಿನ ಮೇಲಿದ್ದ ಕಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದಳು.

ಹುಳಿ. ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ ವಿನಿಗರ್ ವಾಸನೆ.

ಅಕ್ಕನ ಎದೆ ಧಸಕ್ಕೆಂದಿತು. ಯಾಕೆಂದು ಹೇಳುತ್ತೇನೆ. ಬುರುಡೆಯಿಂದ ತೆಗೆದ ನೀರು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಕೆಡದಿರಲಿ ಎಂದು ಪುಟ್ಟ ಸೀಸೆಗೆ ಹಾಕಿ, ಕೆಲವು ಹನಿ ಕಂದು ಅಯೋಡಿನ್ ಬೆರೆಸುತ್ತಾರೆ. ಕೋಶಗಳು ಅಲ್ಲೇ ಸತ್ತು ಹಾಗೇ ಉಳಿಯುತ್ತವೆ. ಈ ಅಯೋಡಿನ್ನಿನಲ್ಲಿ ಎರಡು ಬಗೆ. ಒಂದು ಸಾದಾ. ಇನ್ನೊಂದಕ್ಕೆ ವಿನಿಗರ್‌ನಲ್ಲಿರುವ ಆಮ್ಲವನ್ನೇ ಬೆರೆಸಿರುತ್ತಾರೆ. ಬೇರೆ ಕೆಲವು ಜೀವಿಗಳಿಗೆ ಅದೇ ಒಳ್ಳೆಯದು. ಆದರೆ ಸುಣ್ಣದ ಚಿಪ್ಪಿನ ಕೋಶಕ್ಕೆ ಅದನ್ನು ಹಾಕಿದರೆ ಮುಗಿಯಿತು. ಸುಣ್ಣ ಸೀಸೆಯೊಳಗೇ ಕರಗಿಹೋಗುತ್ತದೆ.

“ಎರಡೂ ಕೋಣೆಯ ಚಿಪ್ಪು ಕರಗಬೇಕಿತ್ತಲ್ಲ” ಎಂದು ನಿಮ್ಮಲ್ಲಿ ಜಾಣರು ಕೇಳುತ್ತೀರಿ. ಅಲ್ಲೇ ಇರುವುದು ಕಿತಾಪತಿ. ಒಂದು ಕೋಣೆಯ ಕೋಶ ಇನ್ನೊಂದಕ್ಕೆ ಹೋಗಿ ಬೆರೆಯಬಾರದೆಂದು ಅಕ್ಕನೇ ಒಂದು ಕಟ್ಟುನಿಟ್ಟು ಮಾಡಿದ್ದಳು: ಒಂದು ಕೋಣೆಯ ಸಾಮಾನು ಹೊಸ್ತಿಲು ದಾಟಿ ಇನ್ನೊಂದಕ್ಕೆ ಹೋಗಕೂಡದು. ಕೋಟು ಬೇರೆ, ಚಪ್ಪಲಿ ಬೇರೆ, ಪೆನ್ನು ಬೇರೆ, ಅಯೋಡಿನ್ ಬಾಟಲಿಯೂ ಬೇರೆ. ‘ಇವತ್ತು’ ಕೋಣೆಯ ಬಾಟಲಿ ದೊಡ್ಡದು, ಇನ್ನೂ ಮುಗಿದಿಲ್ಲ. ‘ಆಮೇಲೆ’ಯದು ನಡುವೆ ಮುಗಿಯಿತು. ಉಗ್ರಾಣದಿಂದ ತಂದು ತುಂಬಿಸಿಕೊಂಡರು. ಚಿಪ್ಪು ಒಮ್ಮೆಲೇ ಮಾಯವಾದದ್ದು ಅದಾದ ಮೇಲೆಯೇ.

೫

ಇಲ್ಲಿ ನಾನು ಒಬ್ಬ ಸಹೋದ್ಯೋಗಿಯನ್ನು ತಂದೆ. ಹೊಟ್ಟೆಕಿಚ್ಚಿನವನು, ಕನ್ನಡಕದವನು, ಅಕ್ಕನ ಮೇಲೆ ಹಳೆಯ ಸಿಟ್ಟು. ಬಾಟಲಿಗೆ ಬೇಕೆಂದೇ ಆಮ್ಲ ತುಂಬಿಸಿದವನು ಅವನೇ ಎಂದು ಅರ್ಧ ಪುಟ ಬರೆದೆ. ಕಥೆಗೆ ಸ್ವಲ್ಪ ಖಾರ ಬರಲಿ ಎಂದು.

“ಅವನ್ಯಾರು?” ಎಂದಳು ಅಕ್ಕ.

“ಖಳನಾಯಕ.”

“ಕಳಿಸಿ ಅವನನ್ನ. ತುಂಬಿಸಿದ್ದು ನಾನೇ.”

“ನೀವು ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಿ. ಬಾಟಲಿ ಮೇಲೆ ಚೀಟಿ ಇರಲ್ವಾ?”

“ಅಯೋಡಿನ್ ತಾಗಿ ತಾಗಿ ಚೀಟಿ ಎಲ್ಲ ಕಂದಾಗತ್ತೆ. ಅಕ್ಷರ ಕಾಣಲ್ಲ. ನಾವು ಯಾರೂ ಚೀಟಿ ಓದಲ್ಲ, ಮೂಸಿ ನೋಡ್ತೀವಿ. ಹುಳಿ ಬಂದ್ರೆ ಆಮ್ಲದ್ದು, ಬರದಿದ್ರೆ ಸಾದಾ. ಅವತ್ತೂ ಮೂಸಿದೆ. ಹುಳಿ ಬರಲಿಲ್ಲ.”

“ಮೂಗೇ ಇರಲಿಲ್ಲವಲ್ಲ.”

“ಅದು ಅವತ್ತು ನಂಗೆ ನೆನಪಿಗೆ ಬರಲಿಲ್ಲ” ಎಂದಳು.

(ಖಳನಾಯಕನನ್ನು ಬೇರೆ ಕಥೆಗೆ ಕಳಿಸಿದೆ. ಅವನೂ ಗೊಣಗಿಕೊಂಡೇ ಹೋದ.)

೬

ಈಗ ಒಂದು ವಿಷಯ ಹೇಳಬೇಕು. ಹೇಳಲು ಅಕ್ಕನಿಗೆ ಇಷ್ಟವಿಲ್ಲ, ಆದರೆ ಅವಳ ತಲೆಯೊಳಗೆ ಹೋಗಿ ಬರುವ ಹಕ್ಕು ನನಗಿದೆ.

ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಅವಳು ಸ್ಟೂಲಿನ ಮೇಲೆ ಕೂತಳು. ಚಿಪ್ಪು ಕರಗಿದ್ದು ನೀರಿನಲ್ಲೋ ಸೀಸೆಯಲ್ಲೋ ತಿಳಿಯಲು ಒಂದೇ ದಾರಿ. ಬುರುಡೆಯಲ್ಲಿ ಕೋಶಗಳು ಇನ್ನೂ ಜೀವಂತವಾಗಿವೆ. ಯಾವ ಔಷಧಿಯನ್ನೂ ಹಾಕದೆ ಒಂದು ಹನಿ ತೆಗೆದು ನೋಡಬೇಕು. ಇಷ್ಟು ತಿಂಗಳು ಯಾರೂ ಹಾಗೆ ನೋಡಿರಲಿಲ್ಲ. ಜೀವಂತ ಕೋಶಗಳನ್ನು ಎಣಿಸಲು ಯಂತ್ರವಿತ್ತು, ಚಿಪ್ಪು ನೋಡಲು ಸೀಸೆಗಳಿದ್ದವು.

ಏಳಬೇಕು, ಹನಿ ತೆಗೆಯಬೇಕು, ನೋಡಬೇಕು. ಅಕ್ಕ ಏಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಅವಳಿಗೆ ಗೊತ್ತಾಗಿಹೋಯಿತು: ತನ್ನ ಮನಸ್ಸು ಒಳಗೊಳಗೇ ‘ಚಿಪ್ಪು ಇಲ್ಲದಿರಲಿ’ ಎಂದು ಹಂಬಲಿಸುತ್ತಿದೆ. ಚಿಪ್ಪಿಲ್ಲದಿದ್ದರೆ ಅವಳು ಹೇಳಿದ್ದು ನಿಜ. ಮುಖ್ಯಸ್ಥರ ಮಾನ ಉಳಿಯುತ್ತದೆ, ತೊಟ್ಟಿಗಳನ್ನು ತಮ್ಮ ಬಿಟ್ಟುಕೊಟ್ಟದ್ದು ಸರಿಯಾಗುತ್ತದೆ. ಸಮುದ್ರ ಒಂದು ಹಾಳಾಗಿಹೋಗುತ್ತದೆ, ಅಷ್ಟೇ. ಹತ್ತಾರು ವರ್ಷ ಈ ಜೀವಿಗಳನ್ನು ಮಕ್ಕಳ ಹಾಗೆ ಸಾಕಿದವಳು, ಅವು ಬೆತ್ತಲಾಗಿರಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಇದನ್ನ ಬರೀಲೇಬೇಕಿತ್ತಾ?” ಎಂದಳು.

ಬರೆಯಲೇಬೇಕಿತ್ತು. ಕೆಟ್ಟ ಸುದ್ದಿ ನಿಜವಾದಾಗ ಮನಸ್ಸಿಗಾಗುವ ಆ ಸಣ್ಣ ಸಮಾಧಾನ ನನಗೂ ಗೊತ್ತು. ನಿಮಗೂ ಗೊತ್ತು.

೭

ಅಕ್ಕ ಏಳುವುದಿಲ್ಲವೆಂದಾದ ಮೇಲೆ ನಾನೇ ಅಂತ್ಯಗಳನ್ನು ಬರೆಯಲು ಕೂತೆ.

ಅಂತ್ಯ ಅ: ಹನಿಯಲ್ಲಿ ಚಿಪ್ಪುಗಳಿವೆ. ಅಕ್ಕ ಫೋನು ಮಾಡುತ್ತಾಳೆ, ತಮ್ಮ ಲಾರಿ ವಾಪಸು ಕಳಿಸುತ್ತಾನೆ, ಅಳುತ್ತಾನೆ, ನಗುತ್ತಾನೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.

“ಅವನ ಮರಿ ಎರಡು ಸಲ ಸತ್ತಿದ್ದು ನನ್ನ ಬಾಟಲಿಯಿಂದಲ್ಲ” ಎಂದಳು ಅಕ್ಕ. “ನನ್ನ ಕೋಶಕ್ಕೆ ಚಿಪ್ಪಿದ್ರೂ ಅದು ತೆಳ್ಳಗಾಗಿದೆ. ಅದು ಬಾಟಲಿ ತುಂಬಿಸೋಕೆ ಮೊದಲೇ ಆಗಿದ್ದು. ಎಲ್ಲ ಸರಿಹೋಯ್ತು ಅಂತ ಮಾತ್ರ ಬರೀಬೇಡಿ.”

ಅಂತ್ಯ ಆ: ಚಿಪ್ಪುಗಳಿಲ್ಲ. ಅಕ್ಕ ಹೇಳಿದ್ದೇ ಸರಿ. ತೊಟ್ಟಿಗಳು ಲಾರಿ ಹತ್ತುತ್ತವೆ. ಓದುಗರು ‘ಛೆ, ಕಾಲ ಕೆಟ್ಟುಹೋಯಿತು’ ಎಂದು ನಿಟ್ಟುಸಿರು ಬಿಟ್ಟು ಕಾಫಿಗೆ ಏಳುತ್ತಾರೆ.

“ಇದು ನಿಮಗೆ ಇಷ್ಟ ಅಲ್ವಾ?” ಎಂದಳು. ನಾನು ಪುಟ ತಿರುಗಿಸಿದೆ.

ಅಂತ್ಯ ಇ: ಅಕ್ಕ ಬಾಟಲಿಯನ್ನು ಸಿಂಕಿನಲ್ಲಿ ಚೆಲ್ಲಿ, ತೊಳೆದು, ಸಾದಾ ಅಯೋಡಿನ್ ತುಂಬಿಸಿಡುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಅಕ್ಕ ಏನಾದರೂ ಅನ್ನುತ್ತಾಳೆಂದು ಕಾದೆ. ಅವಳು ಸ್ಟೂಲಿನಿಂದ ಎದ್ದಳು. ಬಾಟಲಿ ಹಿಡಿದು ಸಿಂಕಿನ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು. (ನಲ್ಲಿ ನಾನು ಬರೆದದ್ದಲ್ಲ, ದೇವರಾಣೆ. ನಾನು ಸುಮ್ಮನೆ ಒಂದು ಸಾಧ್ಯತೆ ಹೇಳಿದ್ದೆ.) ನೀರು ಸುರಿಯುತ್ತಿತ್ತು. ಅವಳು ಬಾಟಲಿಯ ಮುಚ್ಚಳವನ್ನು ಅರ್ಧ ತಿರುಗಿಸಿ ನಿಂತಳು. ನನ್ನ ಕೈಯಲ್ಲಿ ಪೆನ್ನಿತ್ತು, ಆದರೆ ಏನು ಬರೆದರೆ ಅವಳು ನಿಲ್ಲುತ್ತಾಳೆಂದು ತೋಚಲಿಲ್ಲ.

ಅಷ್ಟರಲ್ಲಿ ಫೋನು ಬಂತು. ತಮ್ಮ.

೮

“ಅಕ್ಕ, ಲಾರಿಯವ್ರು ಬೇಗ ಬಂದ್ಬಿಟ್ಟಿದಾರೆ. ಗಾಳಿ ಮೋಟಾರ್ ನಿಲ್ಲಿಸ್ಲಾ?”

ಅವನ ಹಿಂದೆ ಮೋಟಾರಿನ ಗರಗರ ಕೇಳುತ್ತಿತ್ತು. ಅದು ನಿಂತರೆ ತೊಟ್ಟಿಯ ನೀರಿಗೆ ಗಾಳಿಯಿಲ್ಲ, ಗಾಳಿಯಿಲ್ಲದೆ ಮರಿಗಳಿಲ್ಲ. ನಿಲ್ಲಿಸಲು ಅಕ್ಕನ ಅಪ್ಪಣೆ ಬೇಕಿರಲಿಲ್ಲ. ಆದರೂ ಕೇಳಿದ.

“ನಿಲ್ಲಿಸಬೇಡ.”

“ಯಾಕೆ?”

ಅಕ್ಕ ನಲ್ಲಿ ಮುಚ್ಚಿದಳು. ಈ ತಮ್ಮನೆದುರು ಮುಂದಿನ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ.

“ನಂಗೊತ್ತಿಲ್ಲ ಕಣೋ.”

“ಏನು ಗೊತ್ತಿಲ್ಲ?”

“ಚಿಪ್ಪಿದೆಯೋ ಇಲ್ವೋ ಗೊತ್ತಿಲ್ಲ. ಅವತ್ತು ಊಟಕ್ಕೆ ಕೂತಾಗ ಕಣ್ಣಾರೆ ನೋಡ್ದೆ ಅಂದ್ನಲ್ಲ, ಅದು ನಾನೇ ಕರಗಿಸಿದ್ದು ಇರಬಹುದು. ಆಮ್ಲದ ಬಾಟಲಿ ತುಂಬಿಸಿಬಿಟ್ಟಿದೀನಿ. ಇವತ್ತು ಬೆಳಿಗ್ಗೆ ಗೊತ್ತಾಯ್ತು.”

ತಮ್ಮನ ಹಿಂದೆ ಯಾರೋ ಲಾರಿಯ ಹಿಂಬಾಗಿಲು ಧಡಾರನೆ ಇಳಿಸಿದ ಸದ್ದಾಯಿತು.

“ಅಂದ್ರೆ ನಮ್ಮ ನೀರು ಸರಿಯಾಗಿದೆಯಾ?”

“ಅದೂ ಗೊತ್ತಿಲ್ಲ. ನಿನ್ನ ಮರಿ ಸತ್ತಿದ್ದು ನಿಜ. ಯಾಕೆ ಸತ್ವು ಅಂತ ನಾನು ನೋಡೇ ಇಲ್ಲ. ನನ್ನ ಕೋಶ ನೋಡಿ ನಿನ್ನ ತೊಟ್ಟಿ ಬಗ್ಗೆ ಹೇಳ್ಬಿಟ್ಟೆ. ಹೇಳಬಾರದಿತ್ತು.”

“ಅಕ್ಕ” ಎಂದ ತಮ್ಮ. ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಮೂರು ತೊಟ್ಟಿ ಖಾಲಿ ಮಾಡಿ ಕೂತಿದೀನಿ. ತಾಯಿಚಿಪ್ಪೆಲ್ಲ ಬೆಳಿಗ್ಗೆನೇ ಸಮುದ್ರಕ್ಕೆ ಬಿಟ್ಟು ಬಂದೆ. ಇನ್ನು ಹುಡುಕಿದ್ರೂ ಸಿಗಲ್ಲ ಅವು.”

ಅಕ್ಕನ ಕಣ್ಣು ತುಂಬಿತು. ಏನು ಹೇಳುವುದೆಂದು ಅವಳು ನನ್ನ ಕಡೆ ತಿರುಗಿದಳು, ಮೊದಲ ಸಲ ಸಹಾಯಕ್ಕಾಗಿ. ಆ ತಾಯಿಚಿಪ್ಪುಗಳನ್ನು ವಾಪಸು ತರುವ ಒಂದು ಪ್ಯಾರಾ ಬರೆದು ನೋಡಿದೆ. ಬರೆದದ್ದನ್ನು ನನಗೇ ನಂಬಲಾಗಲಿಲ್ಲ. ಹೊಡೆದು ಹಾಕಿದೆ.

“ಒಂದು ತೊಟ್ಟಿ ಉಳಿದಿದೆ” ಎಂದ ತಮ್ಮ. “ಅದ್ರಲ್ಲಿ ಮೂರನೇ ಸಲದ ಮರಿಗಳಿವೆ. ಈಗ ನೋಡೋಕಾಗತ್ತಾ ನಿಂಗೆ?”

“ನನ್ನದನ್ನ ನೋಡಬಹುದು. ಆದ್ರೆ ನೋಡಿದ್ರೂ ನಿನ್ನ ಮರಿ ಬದುಕತ್ತೋ ಇಲ್ವೋ ಅಂತ ಹೇಳೋಕಾಗಲ್ಲ ಕಣೋ.”

“ಅದು ನನಗೆ ಬಿಡು. ನೀನು ಅರ್ಥ ಹೇಳಬೇಡ, ಕಂಡಿದ್ದು ಹೇಳು. ನಾನು ಇಲ್ಲೇ ಇರ್ತೀನಿ, ಫೋನ್ ಇಡಬೇಡ.”

೯

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿ ಎಂದು ನನ್ನೊಳಗಿನ ಸಂಪಾದಕ ಹೇಳುತ್ತಿದ್ದಾನೆ. ಆದರೆ ಅಕ್ಕ ಆಗಲೇ ಫೋನಿನ ಸ್ಪೀಕರ್ ಹಾಕಿ ಸೂಕ್ಷ್ಮದರ್ಶಕದ ಪಕ್ಕಕ್ಕಿಟ್ಟಿದ್ದಾಳೆ. ಬುರುಡೆಯಿಂದ ಒಂದು ಹನಿ ಗಾಜಿನ ಮೇಲೆ ಬಿದ್ದಿದೆ. ಕಂದಲ್ಲ, ಬಣ್ಣವೇ ಇಲ್ಲ. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಲು ಹೋದೆ.

“ಬೆಳಕಿಗೆ ಅಡ್ಡ ಬರಬೇಡಿ” ಎಂದಳು. ಪಕ್ಕಕ್ಕೆ ಸರಿದೆ.

ಸುಣ್ಣ ನೋಡುವುದಕ್ಕೆ ಒಂದು ಕ್ರಮವಿದೆ. ಹನಿಯ ಕೆಳಗೊಂದು, ಮೇಲೊಂದು ವಿಶೇಷ ಗಾಜು ಹಾಕಿ, ಮೇಲಿನದನ್ನು ತಿರುಗಿಸುತ್ತ ಹೋಗಬೇಕು. ಆಗ ಬೆಳಕೆಲ್ಲ ಆರಿ, ಕೋಶ, ಕಸ, ನೀರು ಎಲ್ಲವೂ ಕತ್ತಲಲ್ಲಿ ಮುಳುಗುತ್ತವೆ. ಸುಣ್ಣದ ಬಿಲ್ಲೆಯಿದ್ದರೆ ಅದೊಂದು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ತೆಳ್ಳಗಿದ್ದರೆ ಮಿಣುಕು. ಇಲ್ಲದಿದ್ದರೆ ಏನೂ ಇಲ್ಲ.

ಅವಳು ಈಗ ಏನನ್ನೂ ಬೇಡಿಕೊಳ್ಳುತ್ತಿಲ್ಲವೆಂದು ಬರೆಯಲು ನನಗೆ ಆಸೆ. ಅವಳ ತಲೆಯೊಳಗೆ ಹೋಗಿ ಬರುವ ಹಕ್ಕಿತ್ತಲ್ಲ, ಹೋಗಿ ನೋಡೋಣವೆಂದರೆ ಬಾಗಿಲು ಹಾಕಿದೆ. ಅ, ಆ, ಇ ಮೂರೂ ಅಂತ್ಯ ನನ್ನ ಮೇಜಿನ ಮೇಲೆ ಬಿದ್ದಿವೆ, ಬೇಕಾದವರು ಒಯ್ಯಬಹುದು. ಹನಿಯಲ್ಲಿ ಏನಿತ್ತೆಂದು ನನ್ನನ್ನು ಮಾತ್ರ ಕೇಳಬೇಡಿ. ಕಾಣದ್ದನ್ನು ಕಂಡೆ ಎಂದರೆ ಏನಾಗುತ್ತದೆಂದು ಈಗಷ್ಟೇ ಕೇಳಿಸಿಕೊಂಡಿದ್ದೇನೆ.

ಅಕ್ಕ ಮೇಲಿನ ಗಾಜನ್ನು ತಿರುಗಿಸಿದಳು.

“ಏನ್ ಕಾಣಿಸ್ತಿದೆ?” ತಮ್ಮನ ದನಿ.

“ಕತ್ತಲೆ. ತಡಿ, ಕಣ್ಣು ಹೊಂದಿಕೋಬೇಕು.”

“ತಡೀತೀನಿ.”

ಫೋನಿನೊಳಗೆ ಮೋಟಾರು ಗರಗರ ಎನ್ನುತ್ತಲೇ ಇದೆ. ಯಾರೋ ಏನೋ ಕೇಳಿದರು, ಅವಸರದ ದನಿ. ಅದಕ್ಕೆ ಫೋನಿಗೆ ಕೈ ಅಡ್ಡ ಹಿಡಿದು ತಮ್ಮ ಹೇಳಿದ್ದು ನಮಗೂ ಕೇಳಿಸಿತು:

“ಸ್ವಲ್ಪ ನಿಲ್ಲಿ. ನಮ್ಮಕ್ಕ ನೋಡ್ತಿದಾಳೆ.”